ಹಳೇ ಆಲ್ಬಮ್‌ನ ವೆಬ್‌ಸೈಟ್ ಮಾಡಿದಾಗ

ಮನೆಯ ಹಳೇ ಫೋಟೋಗಳಿಗೆ ಒಂದು ವೆಬ್‌ಸೈಟ್ ಮಾಡೋಣ ಅಂತ ಕೂತೆ. ಹಳೇ ಕಾಲದ್ದು ಅನ್ನಿಸಬೇಕಲ್ವಾ? ಪುಟದ ಅಂದಚಂದ ನೋಡಿಕೊಳ್ಳುವ ಸಿಎಸ್‌ಎಸ್ ಕೋಡ್‌ನಲ್ಲಿ, ಫೋಟೋಗೆ ಕಂದು ಬಣ್ಣ ಕೊಡುವ ಸೆಪಿಯಾ ಫಿಲ್ಟರ್ ಹಾಕಿಬಿಟ್ಟೆ, ಅದೂ ನೂರಕ್ಕೆ ನೂರು. ಎಲ್ಲ ಫೋಟೋಗಳೂ ಒಂದೇ ಬಟ್ಟಲ ಟೀಯಲ್ಲಿ ಅದ್ದಿ ತೆಗೆದ ಹಾಗಾದವು. ಮೇಲೆ ಎಲ್ಲದಕ್ಕೂ, ತೆಗೆದ ಕೂಡಲೇ ಫೋಟೋ ಹೊರಬರುವ ಪೋಲರಾಯ್ಡ್ ಕ್ಯಾಮೆರಾದ ಥರ ಚೌಕಟ್ಟು, ಕೆಳಗೆ ಅಗಲ ಬಿಳಿ ಪಟ್ಟಿ.

ಅಮ್ಮ ನೋಡಿ, "ನಮ್ಮ ಹತ್ರ ಇಂಥ ಕ್ಯಾಮೆರಾ ಎಲ್ಲಿತ್ತೋ?" ಅಂದರು.

ಸರಿಯಾದ ಮಾತೇ. ಆ ಪಟ್ಟಿ ಅಂದಕ್ಕೆ ಇದ್ದದ್ದಲ್ಲ, ಫೋಟೋ ಮೂಡಿಸುವ ರಾಸಾಯನಿಕದ ಪೊಟ್ಟಣ ಅಲ್ಲಿರುತ್ತಿತ್ತು. ಸೆಪಿಯಾ ಕೂಡ ಬರೀ ವಯಸ್ಸಿನ ಬಣ್ಣ ಅಲ್ಲ. ಪ್ರಿಂಟ್ ಜಾಸ್ತಿ ವರ್ಷ ಬಾಳಲಿ ಅಂತ ಅದರ ಬೆಳ್ಳಿಯನ್ನು ಸಲ್ಫೈಡ್ ಮಾಡುತ್ತಿದ್ದರು, ಕಂದು ಬಣ್ಣ ಬರುತ್ತಿದ್ದದ್ದು ಅದರಿಂದ. ಎರಡನ್ನೂ ಕಿತ್ತು ಹಾಕಿದೆ.

ಆಮೇಲೆ ನಿಜವಾದ ಆಲ್ಬಮ್ ಮುಂದಿಟ್ಟುಕೊಂಡೆ. ಅದರ ಹಾಳೆ ಅಚ್ಚ ಕಪ್ಪಲ್ಲ, ಸ್ವಲ್ಪ ಕಂದು ಬೆರೆತ ಕಪ್ಪು. ಹಿನ್ನೆಲೆಗೆ ಅದೇ ಬಣ್ಣ ಕೊಟ್ಟೆ. ಅಕ್ಷರಕ್ಕೆ ಕೆನೆ ಬಣ್ಣ. ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಮತ್ತೆ ಸ್ಕ್ಯಾನ್ ಮಾಡಿದೆ, ಈ ಸಲ ಅಂಚು ಕತ್ತರಿಸದೆ. ಸುಕ್ಕು, ಮಡಚಿದ ಮೂಲೆ, ಬಿಳಿ ಅಂಚು ಎಲ್ಲ ತಾವಾಗೇ ಬಂದವು. ನಾನು ಕೋಡ್‌ನಲ್ಲಿ ಕಷ್ಟಪಟ್ಟು ಮಾಡುತ್ತಿದ್ದದ್ದು ಸುಮ್ನೆ ಸಿಕ್ಕಿತು. ಫೋಟೋಗಳನ್ನು ಓರೆಯಾಗಿ ಕೂರಿಸುವ ಹುಚ್ಚೂ ಇತ್ತು, ಆರು ಡಿಗ್ರಿಯಿಂದ ಒಂದಕ್ಕೆ ಇಳಿಸಿದೆ, ಅದೂ ಮೂರಕ್ಕೊಂದು ಫೋಟೋಗೆ ಮಾತ್ರ.

ಅಷ್ಟು ದೊಡ್ಡ ಫೈಲ್‌ಗಳನ್ನು ಹಾಗೇ ಹಾಕಿದರೆ ಪುಟ ತೆರೆಯುವುದೇ ಇಲ್ಲ. ವೆಬ್‌ಪಿ ಅನ್ನೋ ಹಗುರ ಫೈಲ್ ಬಗೆಯಲ್ಲಿ ಚಿಕ್ಕ ಪ್ರತಿ ಮಾಡಿ, ಲೇಜಿ ಲೋಡಿಂಗ್ ಇಟ್ಟೆ, ಅಂದರೆ ಓದುಗರು ಹತ್ತಿರ ಬಂದಾಗಷ್ಟೇ ಫೋಟೋ ಇಳಿಯುತ್ತದೆ. ಫೋಟೋದ ಅಗಲ, ಎತ್ತರ ಕೋಡ್‌ನಲ್ಲಿ ಮೊದಲೇ ಬರೆಯದಿದ್ದರೆ ಒಂದೊಂದು ಫೋಟೋ ಬಂದಾಗಲೂ ಪುಟ ಕೆಳಕ್ಕೆ ಜಿಗಿಯುತ್ತದೆ, ಅದನ್ನು ಮರೀಬೇಡಿ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಹಿಂಬದಿ. ಹಳೇ ಫೋಟೋ ಸಿಕ್ಕರೆ ನಾವು ಮೊದಲು ತಿರುಗಿಸಿ ನೋಡ್ತೀವಿ, ಅಲ್ವಾ? ಅದಕ್ಕೇ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದೆ. ಫೋಟೋ ಮುಟ್ಟಿದರೆ ಮಗುಚಿಕೊಳ್ಳುತ್ತದೆ, ಹಿಂದೆ ಪೆನ್ಸಿಲ್‌ನಲ್ಲಿ ಬರೆದದ್ದು ಕಾಣುತ್ತದೆ. ಮೊದಮೊದಲು ಮಗುಚಿದಾಗ ಮುಂಬದಿಯ ಚಿತ್ರವೇ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಮೂಡುತ್ತಿತ್ತು. ಬ್ಯಾಕ್‌ಫೇಸ್, ಅಂದರೆ ಆಚೆ ತಿರುಗಿದ ಮುಖವನ್ನು ಅಡಗಿಸುವ ಒಂದು ಸಾಲು ಕೋಡ್‌ನಲ್ಲಿ ಬಿಟ್ಟುಹೋಗಿತ್ತು ಅಷ್ಟೇ.

ಹಲವು ಫೋಟೋಗಳ ಹಿಂಬದಿ ಖಾಲಿ. ಅಮ್ಮ ಈಗ ಒಂದೊಂದನ್ನೇ ಮಗುಚಿ ಹೆಸರು ಹೇಳುತ್ತಾರೆ, ನಾನು ಸೇರಿಸುತ್ತೇನೆ. ಅದಕ್ಕೆ ಕೈಬರಹದ ಫಾಂಟ್ ಬಳಸಿಲ್ಲ, ಮಾಮೂಲಿ ಅಚ್ಚಕ್ಷರ. ಆಗ ಬರೆದದ್ದು ಯಾವುದು, ಈಗ ಸೇರಿಸಿದ್ದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು.