ರಸಮಂಜರಿ ಆರ್ಕೆಸ್ಟ್ರಾಗೆ ಬೇಸ್ ನುಡಿಸಲು ಬರ್ತಿದೀರಾ? ಇಷ್ಟು ತಿಳ್ಕೊಂಡು ಬನ್ನಿ

ಗಣೇಶನ ಹಬ್ಬ ಶುರುವಾದರೆ ನಮಗೆ ಬಿಡುವಿಲ್ಲ. ಬೀದಿ ಪೆಂಡಾಲುಗಳು ಮುಗಿಯುವಷ್ಟರಲ್ಲಿ ದಸರಾ, ಆಮೇಲೆ ನವೆಂಬರ್ 1ಕ್ಕೆ ಶುರುವಾಗಿ ತಿಂಗಳು ಕಳೆದರೂ ಮುಗಿಯದ ರಾಜ್ಯೋತ್ಸವ, ನಡುನಡುವೆ ಮದುವೆ ರಿಸೆಪ್ಷನ್, ಅದರ ಹಿಂದೆಯೇ ಊರ ಜಾತ್ರೆಗಳು. ಈ ಸೀಸನ್ನಿಗೆ ಮುಂಚೆ ಯಾರಾದರೂ ಹುಡುಗರು ಬಂದು ಕೇಳೇ ಕೇಳ್ತಾರೆ, "ಅಣ್ಣಾ, ಬೇಸ್ ಗಿಟಾರ್ ಕಲಿತಿದೀನಿ, ಆರ್ಕೆಸ್ಟ್ರಾಗೆ ಬರಬಹುದಾ?" ಖಂಡಿತ ಬನ್ನಿ. ಮನೆಯಲ್ಲಿ ಯಾರೂ ಹೇಳಿಕೊಡದ ವಿಷಯಗಳು ಕೆಲವಿವೆ, ಅವನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದು ಹಾಡು ಕಲಿಯುವ ಕ್ರಮ. ಒಂದು ಕಾರ್ಯಕ್ರಮಕ್ಕೆ 25, 30 ಹಾಡು ಇರುತ್ತವೆ. ರಿಹರ್ಸಲ್ ಸಿಗುವುದು ಅಪರೂಪ. ಪಟ್ಟಿ ಹಿಂದಿನ ರಾತ್ರಿ ವಾಟ್ಸಾಪ್‌ಗೆ ಬರುತ್ತದೆ, ವೇದಿಕೆ ಮೇಲೆ ಅದೂ ಬದಲಾಗುತ್ತದೆ. ಹೊಸಬರು ಮಾಡುವ ಕೆಲಸ ಏನು ಅಂದರೆ ಇಂಟರ್ನೆಟ್ಟಿನಲ್ಲಿ ಹಾಡಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹುಡುಕಿ, ಆ ಕಾರ್ಡಿನ ಮೂಲ ಸ್ವರವನ್ನು ಡುಂ ಡುಂ ಅಂತ ಹೊಡೆಯುವುದು. ಹಾಗೆ ನುಡಿಸಿದರೆ ತಪ್ಪೇನೂ ಆಗಲ್ಲ, ಆದರೆ ಹಾಡೂ ಆಗಲ್ಲ. ನಮ್ಮ ಎಷ್ಟೋ ಹಾಡುಗಳಲ್ಲಿ ಬೇಸ್ ಅನ್ನುವುದೇ ಇನ್ನೊಂದು ರಾಗ. ಇಳಯರಾಜ ಅವರ ಸಂಗೀತ ಇರುವ 1981ರ 'ಗೀತಾ' ಚಿತ್ರದ 'ಜೊತೆಯಲಿ' ಹಾಡು ಹಾಕಿಕೊಳ್ಳಿ. ಹಾಡುವವರ ದನಿ ಬಿಡಿ, ವಯಲಿನ್ ಬಿಡಿ, ಕೆಳಗೆ ಏನು ನಡೆಯುತ್ತಿದೆ ಅನ್ನುವುದನ್ನು ಮಾತ್ರ ಹಿಡಿಯಿರಿ. ಅಲ್ಲಿ ಬೇಸ್ ತನ್ನದೇ ಒಂದು ಹಾಡು ಹಾಡಿಕೊಂಡು ಹೋಗುತ್ತಿದೆ, ಅಲ್ವಾ? ಅದನ್ನು ಕಾರ್ಡಿನಿಂದ ಕಲಿಯಲು ಆಗುವುದಿಲ್ಲ.

ನಾನು ಮಾಡುವುದು ಹೀಗೆ. ಗಿಟಾರ್ ಮುಟ್ಟದೆ ಮೊದಲು ಬೇಸನ್ನು ಬಾಯಲ್ಲಿ ಹಾಡುತ್ತೇನೆ. ಪಲ್ಲವಿ, ಬಿಜಿಎಂ (ನಡುವೆ ಬರುವ ವಾದ್ಯಸಂಗೀತ), ಚರಣ, ಎಲ್ಲದರದ್ದೂ. ಬಾಯಿಗೆ ಬಂದದ್ದು ಬೆರಳಿಗೆ ಬಂದೇ ಬರುತ್ತದೆ. ಬಾಯಿಗೆ ಬರದ ಜಾಗ ಇದ್ದರೆ ನೀವು ಅದನ್ನು ಇನ್ನೂ ಕೇಳಿಸಿಕೊಂಡಿಲ್ಲ ಅಂತ ಅರ್ಥ. ಮೊಬೈಲ್ ಸ್ಪೀಕರಿನಲ್ಲಂತೂ ಕೇಳಲೇಬೇಡಿ. ಬೇಸಿನ ದಪ್ಪ ಇ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ, ಅಷ್ಟು ಕೆಳಗಿನ ಸದ್ದು ಆ ಪುಟ್ಟ ಸ್ಪೀಕರಿನಿಂದ ಹೊರಗೆ ಬರುವುದೇ ಇಲ್ಲ. ಹೆಡ್‌ಫೋನ್ ಹಾಕಿ. ಹಳೇ ರೆಕಾರ್ಡಿಂಗಿನಲ್ಲಿ ಬೇಸ್ ಮಸುಕಾಗಿದ್ದರೆ, ಸ್ಪೀಡ್ ಮತ್ತು ಪಿಚ್ ಬದಲಿಸುವ ಆ್ಯಪ್ ಒಂದನ್ನು ಹಾಕಿಕೊಂಡು ಹಾಡನ್ನು 12 ಸೆಮಿಟೋನ್, ಅಂದರೆ ಒಂದು ಸ್ಥಾಯಿ ಪೂರ್ತಿ ಮೇಲೆತ್ತಿ. ಗಾಯಕರ ದನಿ ಗುಬ್ಬಿ ದನಿಯಾಗುತ್ತದೆ, ಆದರೆ ಕೆಳಗೆ ಹೂತುಹೋಗಿದ್ದ ಬೇಸ್ ಎದ್ದು ಬಂದು ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. 'ಪಲ್ಲವಿ ಅನುಪಲ್ಲವಿ'ಯ 'ನಗುವ ನಯನ' ಹಾಡನ್ನು ನಾನು ಹೀಗೇ ಕಲಿತದ್ದು. ಆ ಒಂದು ಹಾಡಿಗೆ ನಾಲ್ಕು ಸಂಜೆ ಬೇಕಾಯಿತು, ಒಂದು ಗಂಟೆಯೂ ದಂಡವಾಗಲಿಲ್ಲ.

ಇನ್ನು ಸ್ಕೇಲ್ ವಿಷಯ. ಸಿನಿಮಾದಲ್ಲಿ ಇದ್ದ ಸ್ಕೇಲಿನಲ್ಲೇ ವೇದಿಕೆಯಲ್ಲೂ ಹಾಡುತ್ತಾರೆ ಅಂತ ಅಂದುಕೊಳ್ಳಬೇಡಿ. ಗಂಟಲು ಕೂತಿದ್ದರೆ ಗಾಯಕರು ಅರ್ಧ ಇಳಿಸಿ ಅಂತಾರೆ. ಕೀಬೋರ್ಡಿನವರಿಗೆ ಒತ್ತಿದರೆ ಸ್ಕೇಲೇ ಬದಲಾಗುವ ಟ್ರಾನ್ಸ್‌ಪೋಸ್ ಬಟನ್ ಇದೆ, ನಮಗಿಲ್ಲ. ಅದಕ್ಕೆ ಪ್ರತಿ ಹಾಡನ್ನೂ ಖಾಲಿ ತಂತಿ ಬಳಸದೆ, ಬೆರಳು ಒತ್ತಿಯೇ ನುಡಿಸಿ ಅಭ್ಯಾಸ ಮಾಡಿ. ಆಗ ಇಡೀ ಕೈಯನ್ನು ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಒಂದು ಮನೆ) ಆಚೆ ಈಚೆ ಸರಿಸಿದರೆ ಕೆಲಸ ಆಯ್ತು. ಇದರ ಜೊತೆಗೆ ಇನ್ನೊಂದು ಅಪಾಯ ಇದೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಎರಡು ಏರಿಸಿಕೊಂಡು "ಸಿ ಮೇಜರ್" ಅಂತ ಕೂಗುತ್ತಾರೆ, ಅವರ ಬೆರಳಿರುವುದು ಸಿ ಮೇಲೆಯೇ, ಹೊರಗೆ ಬರುವ ಸದ್ದು ಮಾತ್ರ ಡಿ. ನನ್ನ ಮೊದಲ ವರ್ಷ ಒಂದು ತಾಲ್ಲೂಕು ಕ್ರೀಡಾಂಗಣದಲ್ಲಿ ಹೀಗೇ ಆಯ್ತು. ಟ್ರಾನ್ಸ್‌ಪೋಸ್ ಒಂದು ಏರಿತ್ತು, ನನಗೆ ಗೊತ್ತಿರಲಿಲ್ಲ. ಇಡೀ ಪಲ್ಲವಿ ಅರ್ಧ ಸ್ವರ ಕೆಳಗೆ ನುಡಿಸಿದೆ. ಹಾಡುತ್ತಿದ್ದ ಅಕ್ಕ ಮೈಕ್ ಹಿಡಿದುಕೊಂಡೇ ಒಮ್ಮೆ ಹಿಂದೆ ತಿರುಗಿ ನೋಡಿದರು, ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಪ್ರತಿ ಹಾಡಿಗೂ ಮುಂಚೆ "ಟ್ರಾನ್ಸ್‌ಪೋಸ್ ಎಷ್ಟಿದೆ ಸರ್?" ಅಂತ ಕೇಳುತ್ತೇನೆ. ನೀವೂ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಹಾಗೇ ಅವರ ಎಡಗೈ ಎಲ್ಲಿದೆ ಅಂತಲೂ ಕೇಳಿ. ಬೇಸ್ ನುಡಿಸುವವರು ಇಲ್ಲದ ತಂಡಗಳಲ್ಲಿ ನುಡಿಸಿ ಬಂದ ಕೀಬೋರ್ಡಿನವರು ಎಡಗೈಯಲ್ಲೇ ಬೇಸ್ ಹಾಕುತ್ತಾರೆ. ಇಬ್ಬರೂ ಹಾಕಿದರೆ ಕೆಳಗಡೆ ಎಲ್ಲ ಕೆಸರು.

ವೇದಿಕೆಯಲ್ಲಿ ಎಲ್ಲಿ ನಿಲ್ಲಬೇಕು? ಡ್ರಮ್ಸ್ ಅಥವಾ ರಿದಂ ಪ್ಯಾಡ್ ನುಡಿಸುವವರ ಬಲಗಾಲು ಕಾಣುವ ಜಾಗದಲ್ಲಿ. ಕಿಕ್, ಅಂದರೆ ಆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್ಮಿನ ಸದ್ದು, ಬೀಳುವ ಕ್ಷಣಕ್ಕೇ ನಿಮ್ಮ ಸ್ವರವೂ ಬೀಳಬೇಕು. ಎರಡೂ ಸೇರಿ ಒಂದೇ ಸದ್ದಾದರೆ ಜನ ಕುಣಿಯುತ್ತಾರೆ, ಒಂಚೂರು ಹಿಂದೆ ಮುಂದೆ ಆದರೆ ಕೂತೇ ಇರುತ್ತಾರೆ, ಯಾಕೆ ಅಂತ ಅವರಿಗೂ ಗೊತ್ತಾಗಲ್ಲ. ತಬಲಾ ಇರುವ ಹಳೇ ಹಾಡುಗಳಲ್ಲಿ ಡಗ್ಗಾಕ್ಕೆ, ಅಂದರೆ ಎಡಗೈಯ ದೊಡ್ಡ ತಬಲಾಕ್ಕೆ, ಜಾಗ ಬಿಡಿ. ಅಂಗೈ ಒತ್ತಿ ಜಾರಿಸುವ ಆ ಗುಂಯ್ ಅನ್ನುವ ಸದ್ದು ನಿಮ್ಮ ಸ್ವರಗಳ ನಡುವಿನ ಖಾಲಿಯಲ್ಲೇ ಕೇಳಬೇಕು. ಜನಪದ ಹಾಡಿಗೆ ತಮಟೆ ಬಂದರೆ ಸ್ವರವನ್ನು ಎಳೆಯಲೇಬೇಡಿ. ಹೊಡೆದು, ತಕ್ಷಣ ಬೆರಳು ಸಡಿಲಿಸಿ ನಿಲ್ಲಿಸಿ. ಸ್ವರ ಶುರು ಮಾಡುವುದನ್ನು ಎಲ್ಲರೂ ಕಲಿಯುತ್ತಾರೆ, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ನನಗೆ ಐದಾರು ವರ್ಷ ಹಿಡಿಯಿತು.

ಸಾಮಾನು ಜಾಸ್ತಿ ಬೇಡ. ನಾಲ್ಕು ತಂತಿಯ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೇಸ್ ಸಾಕು. ಐದನೇ ತಂತಿಯ ಬಿ ಸುಮಾರು 31 ಹರ್ಟ್ಸ್, ಊರ ಮೈದಾನಗಳಿಗೆ ಬರುವ ಎಷ್ಟೋ ಸ್ಪೀಕರುಗಳಲ್ಲಿ ಅದು ಸ್ವರವಾಗಿ ಕೇಳದೆ ಗುಡುಗಿನ ಹಾಗೆ ಕೇಳುತ್ತದೆ. ನಾಲ್ಕು ಕಿಲೋ ತೂಕವನ್ನು ನಾಲ್ಕು ಗಂಟೆ ಹೊರಬೇಕು, ಹೆಗಲ ಪಟ್ಟಿ ಅಗಲವಾಗಿರಲಿ. ಕೇಬಲ್ ಎರಡು, ಟ್ಯೂನರ್ ಒಂದು, ಗಿಟಾರಿನ ಸದ್ದನ್ನು ನೇರ ಮಿಕ್ಸರಿಗೆ ಕಳಿಸುವ ಪುಟ್ಟ ಪೆಟ್ಟಿಗೆ, ಸ್ವಂತ ಡಿಐ ಬಾಕ್ಸ್ ಒಂದು. ಬೇಸ್ ಆ್ಯಕ್ಟಿವ್ (ಬ್ಯಾಟರಿಯಿಂದ ನಡೆಯುವಂಥದ್ದು) ಆಗಿದ್ದರೆ ಹೊಸ 9 ವೋಲ್ಟ್ ಬ್ಯಾಟರಿ ಬ್ಯಾಗಿನಲ್ಲಿ ಇರಲೇಬೇಕು. ಕೇಬಲ್ ಜಾಕ್ ಗಿಟಾರಿನಲ್ಲೇ ಬಿಟ್ಟರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತಾ ಹೋಗುತ್ತದೆ, ನುಡಿಸದಿದ್ದರೂ ಸಹ. ಹೊಸ ತಂತಿಗೆ ದುಡ್ಡಿಲ್ಲದ ತಿಂಗಳು ಹಳೇ ತಂತಿಗಳನ್ನು ಬಿಚ್ಚಿ ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒರೆಸಿ ಒಣಗಿಸಿ ಹಾಕಿ. ಸುತ್ತಿನ ಸಂದಿಯ ಬೆವರು, ಕೊಳೆ ಬಿಟ್ಟು ಸದ್ದು ಮತ್ತೆ ತೆರೆಯುತ್ತದೆ. ಒಂದೆರಡು ವಾರ ನಡೆಯುತ್ತದೆ ಅಷ್ಟೇ.

ಡಿಐ ಬಾಕ್ಸ್ ಯಾಕೆ ಅಂದರೆ ಜನರೇಟರ್. ಅರ್ಥಿಂಗ್ ಸರಿಯಿಲ್ಲದ ಕಡೆ ಸ್ಪೀಕರಿನಲ್ಲಿ ಒಂದು ಜೋಂಯ್ ಅನ್ನುವ ಸದ್ದು ಕೂತುಬಿಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ನಿಮ್ಮ ಇ ತಂತಿಯ ಮೂರನೇ ಫ್ರೆಟ್, ಅಂದರೆ ಜಿ, 49 ಹರ್ಟ್ಸ್. ಎರಡೂ ಅಕ್ಕಪಕ್ಕದ ಮನೆ. ಜಿ ಸ್ಕೇಲಿನ ಹಾಡು ಬಂದಾಗ ಸ್ವರ ಅಲುಗಾಡಿದ ಹಾಗೆ ಕೇಳಿದರೆ ನಿಮ್ಮ ಶ್ರುತಿ ತಪ್ಪಿಲ್ಲ, ಆ ಸದ್ದು ಗುದ್ದಾಡುತ್ತಿದೆ. ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಆದರೆ ತಂತಿ ಮುಟ್ಟಿದಾಗ ಶಾಕ್ ಹೊಡೆದರೆ ನುಡಿಸಬೇಡಿ. ಯಾರು ಅವಸರ ಮಾಡಿದರೂ ಸರಿ, ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಕೈ ಮಡಚಿ ಕೂತುಕೊಳ್ಳಿ.

ಸೌಂಡಿನವರ ಹತ್ತಿರ ಪ್ರೀತಿಯಿಂದ ಮಾತಾಡಿ, ಹೆಸರು ಕೇಳಿಕೊಳ್ಳಿ. ಕೆಳಗಿನ ಇ ಸ್ವರದ ಒಂದು ಅಲೆಯೇ ಸುಮಾರು 27 ಅಡಿ ಉದ್ದ. ವೇದಿಕೆ ಮೇಲೆ ನಿಂತ ನಿಮಗೆ ಕೇಳುವುದೇ ಬೇರೆ, ಮೈದಾನದಲ್ಲಿ ಕೂತವರಿಗೆ ಕೇಳುವುದೇ ಬೇರೆ. ಮಾನಿಟರಿನಲ್ಲಿ, ಅಂದರೆ ವೇದಿಕೆ ಮೇಲೆ ನಮಗಾಗಿ ಇಡುವ ಸ್ಪೀಕರಿನಲ್ಲಿ, ಬೇಸ್ ಏರಿಸಿ ಅನ್ನುವ ಬದಲು ಕಿಕ್ ಮತ್ತು ಗಾಯಕರ ದನಿ ಏರಿಸಿ ಅಂತ ಕೇಳಿ. ಕಲ್ಯಾಣ ಮಂಟಪದಲ್ಲಿ ಗೋಡೆಗಳು ಮೊಳಗುತ್ತವೆ, ಅಲ್ಲಿ ಗಿಟಾರಿನಲ್ಲೇ ಬೇಸ್ ನಾಬ್ ಸ್ವಲ್ಪ ತಗ್ಗಿಸಿ.

ದಿನ ಹೇಗಿರುತ್ತದೆ ಅಂದರೆ, ಕಾಯುವುದೇ ಜಾಸ್ತಿ. ಮಧ್ಯಾಹ್ನ ಟಿಟಿ (ಟೆಂಪೋ ಟ್ರಾವೆಲರ್) ಹತ್ತಿದರೆ ಸಂಜೆ ಸೌಂಡ್ ಚೆಕ್, ಆಮೇಲೆ ಗಣ್ಯರ ಭಾಷಣ, ಸನ್ಮಾನ, ಇನ್ನೊಂದು ಭಾಷಣ. ಅಷ್ಟು ಹೊತ್ತಿಗೆ ಗಿಟಾರಿನ ಶ್ರುತಿ ಹೋಗಿರುತ್ತದೆ. ಲೈಟಿನ ಬಿಸಿಗೆ ತಂತಿ ಸಡಿಲಾಗಿ ಇಳಿಯುತ್ತದೆ, ರಾತ್ರಿಯ ಥಂಡಿಗೆ ಬಿಗಿದು ಏರುತ್ತದೆ. ಗಣಪತಿ ಹಾಡು ಶುರುವಾಗುವ ಮುಂಚೆ ಮತ್ತೊಮ್ಮೆ ಟ್ಯೂನ್ ಮಾಡಿ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇರುವುದರಿಂದ, ಸರ್ಕಾರ ವಿನಾಯಿತಿ ಕೊಟ್ಟ ದಿನಗಳು ಬಿಟ್ಟರೆ, ಭಾಷಣ ಉದ್ದವಾದಷ್ಟೂ ಹಾಡು ಕಡಿಮೆ. ಪಟ್ಟಿಯ ಕೊನೆಯ ಕುಣಿತದ ಹಾಡುಗಳು ಯಾವಾಗ ಬೇಕಾದರೂ ಮುಂದಕ್ಕೆ ಬರಬಹುದು, ಸಿದ್ಧವಾಗಿರಿ. ಕಾರ್ಯಕ್ರಮಕ್ಕೆ ಮುಂಚೆ ಹೊಟ್ಟೆ ತುಂಬ ಬಿಸಿಬೇಳೆಬಾತ್ ತಿನ್ನಬೇಡಿ. ಪೇಮೆಂಟ್ ಎಷ್ಟು, ಯಾವಾಗ ಅನ್ನುವುದನ್ನು ಟಿಟಿ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಸಂಕೋಚ ಬೇಡ, ಇದು ದುಡಿಮೆ.

ಕಿವಿ ಕಾಪಾಡಿಕೊಳ್ಳಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು 8 ಗಂಟೆ ಕೇಳಬಹುದು, ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಡ್ರಮ್ಸಿನ ಸಿಂಬಲ್ ಪಕ್ಕದಲ್ಲಿ ನಿಲ್ಲುವವರು ನಾವು. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತದೆ, ಮೊದಲ ಸಂಬಳದಲ್ಲೇ ತಗೊಳ್ಳಿ.

ಬಿಡುವಿದ್ದಾಗ ಏನು ಕೇಳಬೇಕು ಅಂತ ಕೇಳಿದರೆ, ನನ್ನ ಮೊದಲ ಹೆಸರು ಜೇಮ್ಸ್ ಜೇಮರ್ಸನ್. ಅಮೆರಿಕದ ಡೆಟ್ರಾಯಿಟಿನಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ನುಡಿಸುತ್ತಿದ್ದವರು. ಬಲಗೈಯ ತೋರುಬೆರಳು ಒಂದರಲ್ಲೇ ಅಷ್ಟೂ ಸ್ವರ ತೆಗೆಯುತ್ತಿದ್ದರು, ಅದನ್ನು 'ಕೊಕ್ಕೆ' ಅನ್ನುತ್ತಿದ್ದರಂತೆ. ಜಾಕೋ ಪಾಸ್ಟೋರಿಯಸ್ ಅವರ ಫ್ರೆಟ್ ಇಲ್ಲದ ಬೇಸ್ ಕೇಳಿ, ಸ್ವರ ಜಾರಿಸುವ ರೀತಿಯಲ್ಲಿ ನಮ್ಮ ಗಮಕದವರಿಗೂ ಖುಷಿ ಸಿಗುತ್ತದೆ. ನಮ್ಮಲ್ಲಿ ಬೇಸ್ ನುಡಿಸುವವರ ಪೈಕಿ ಚೆನ್ನೈನ ಕೀತ್ ಪೀಟರ್ಸ್, ಮುಂಬೈನ ಮೋಹಿನಿ ಡೇ, ಇಬ್ಬರನ್ನೂ ಕೇಳಲೇಬೇಕು. ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಮೃದಂಗದ ಎಡಭಾಗ. ಯಾವುದಾದರೂ ಕಛೇರಿಯಲ್ಲಿ ಮೃದಂಗದವರ ಹತ್ತಿರ ಕೂತು ಎಡಗೈ ಮಾತ್ರ ನೋಡಿ. ರವೆ ಮೆತ್ತಿದ ಆ ತೊಪ್ಪಿಯ ಮೇಲೆ ಅಂಗೈ ಎಷ್ಟು ಕಡಿಮೆ ಸಲ ಬೀಳುತ್ತದೆ, ಬಿದ್ದಾಗ ಹಾಡು ಹೇಗೆ ನೆಲಕ್ಕೆ ಕೂರುತ್ತದೆ ಅನ್ನುವುದು ಅಲ್ಲಿ ಕಾಣುತ್ತದೆ. ಮಾರನೇ ದಿನ ಪೆಂಡಾಲಿನಲ್ಲಿ ನೀವು ನುಡಿಸುವ ಸ್ವರಗಳು ತಾವಾಗಿಯೇ ಒಂದಷ್ಟು ಕಡಿಮೆಯಾಗಿರುತ್ತವೆ, ನೋಡಿ.