ಕೆಂಚನಿಗೆ ಡ್ರಿಪ್ ಹಾಕುತ್ತಾ ಕಲಿತದ್ದು

ನಮ್ಮ ಕೆಂಚ ಬೀದಿ ನಾಯಿ ಜಾತಿ. ಮೈಸೂರಿನಲ್ಲಿ ನಮ್ಮ ಮನೆ ಎದುರಿನ ಚರಂಡಿ ಪಕ್ಕ ಮಳೆಗಾಲದಲ್ಲಿ ಸಿಕ್ಕ ಮರಿ. ಬಣ್ಣ ಕೆಂಚಗಿತ್ತು, ಹಾಗಾಗಿ ಹೆಸರಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಮ್ಮ ಮಾತ್ರ ಕೆಂಚಪ್ಪ ಅನ್ನುತ್ತಿದ್ದಳು. ಅಡುಗೆಮನೆ ಹೊಸಲು ದಾಟಬಾರದು ಅನ್ನೋದು ಅವಳ ಕಾನೂನು. ಅವನು ಸಾಯುವವರೆಗೂ ದಾಟಲಿಲ್ಲ. ಹೊಸಲಿನ ಮೇಲೆ ಮೂತಿ ಇಟ್ಟು ಮಲಗುತ್ತಿದ್ದ, ಅಷ್ಟೇ.

ಹದಿಮೂರನೇ ವಯಸ್ಸಿಗೆ ಕಿಡ್ನಿ ಕೈಕೊಟ್ಟಿತು, ಹೋಗಿಬಿಟ್ಟ. ಮುದಿ ನಾಯಿಯನ್ನು ಮನೆಯಲ್ಲೇ ಹೇಗೆ ನೋಡಿಕೊಂಡಿರಿ, ನೋವಿಲ್ಲದೆ ಸಾಯಿಸುವ ಕೊನೆಯ ಇಂಜೆಕ್ಷನ್‌ಗೆ ಹೇಗೆ ಮನಸ್ಸು ಮಾಡಿದಿರಿ ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ನಿಮ್ಮ ನಾಯಿಗೆ ಯಾವ ಔಷಧ, ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಕಿಡ್ನಿ ಕಾಯಿಲೆ ಶುರುವಿನಲ್ಲಿ ಗೊತ್ತೇ ಆಗುವುದಿಲ್ಲ. ನಾಯಿ ನೀರು ಜಾಸ್ತಿ ಕುಡಿಯುತ್ತದೆ, ಉಚ್ಚೆ ಜಾಸ್ತಿ ಮಾಡುತ್ತದೆ, ಇಷ್ಟೇ. ಬಾಯಿ ವಾಸನೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ವಾಂತಿ, ಸವರಿದರೆ ಬೆನ್ನುಮೂಳೆ ಕೈಗೆ ಸಿಗುವುದು, ಇವೆಲ್ಲ ಆಮೇಲೆ. ಕೆಂಚನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ಕಸದ ಅಂಶ, 3.8 ಬಂತು. ನಾಯಿಗಳಲ್ಲಿ ಇದು 1.4ರ ಒಳಗಿರಬೇಕು. 2.9ರಿಂದ 5ರವರೆಗೆ ಮೂರನೇ ಹಂತ. 5 ದಾಟಿದರೆ ನಾಲ್ಕನೆಯದು, ಅದೇ ಕೊನೆಯದು. ಈ ಅಂಕಿ ಏರುವ ಹೊತ್ತಿಗೆ ಕಿಡ್ನಿಯ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಕೆಲಸ ನಿಂತೇ ಹೋಗಿರುತ್ತದೆ. ಉಳಿದ ಕಾಲು ಪಾಲು, ಸಾಲಗಾರರ ವಿಷಯ ಮನೆಯವರಿಗೆ ತಿಳಿಸದ ಯಜಮಾನನ ಹಾಗೆ, ಹೇಗೋ ಸಂಸಾರ ತೂಗಿಸುತ್ತಿರುತ್ತದೆ.

"ವಾಸಿ ಆಗೋದಲ್ಲ ಸಾರ್," ಅಂದರು ಡಾಕ್ಟರ್. "ಚೆನ್ನಾಗಿರೋ ದಿನ ಎಷ್ಟು ಸಿಗುತ್ತೋ ಅಷ್ಟನ್ನ ಗಿಟ್ಟಿಸಿಕೊಳ್ಳೋಣ."

ಊಟದಿಂದ ಶುರು ಮಾಡಿದೆವು. ವಾರಕ್ಕೊಮ್ಮೆ ಹಿತ್ತಲಿನ ಸ್ಟವ್ ಮೇಲೆ ಬೇಯುತ್ತಿದ್ದ ಲಿವರ್ ಬಂದ್, ಮೂಳೆ ಬಂದ್. ರಂಜಕ, ಅಂದರೆ ಫಾಸ್ಫರಸ್, ಕಡಿಮೆ ಮಾಡಬೇಕು ಅನ್ನೋದು ಲೆಕ್ಕ. ಮೆತ್ತಗೆ ಬೇಯಿಸಿದ ಅನ್ನ, ಮೊಟ್ಟೆಯ ಬಿಳಿ ಭಾಗ. ಹಳದಿಯಲ್ಲಿ ರಂಜಕ ಜಾಸ್ತಿ, ಬಿಳಿಯಲ್ಲಿ ತೀರಾ ಕಡಿಮೆ. ಅವನು ಮೊದಲು ತಟ್ಟೆ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಎರಡು ಹೊತ್ತು ಮುನಿಸಿಕೊಂಡು ಕೊನೆಗೆ ತಿಂದ.

ಆಮೇಲೆ ಡ್ರಿಪ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಹೆದರಿಕೆ ಇರುವುದು ಇಲ್ಲೇ. ನಮಗೆ ಹಾಕುವ ಹಾಗೆ ನರ ಹುಡುಕಬೇಕಾಗಿಲ್ಲ. ಚರ್ಮದ ಕೆಳಗೆ ಬಿಟ್ಟರೆ ಸಾಕು, ಮೈ ತಾನೇ ಹೀರಿಕೊಳ್ಳುತ್ತದೆ. ಕ್ಲಿನಿಕ್ಕಿನಲ್ಲಿ ನರ್ಸಮ್ಮ ನಾಲ್ಕಾರು ಸಲ ಕೈ ಹಿಡಿದು ತೋರಿಸಿದರು. ಆರ್‌ಎಲ್ ಬಾಟಲಿ, ಅಂದರೆ ರಿಂಗರ್ ಲ್ಯಾಕ್ಟೇಟ್ ಅನ್ನುವ ಲವಣದ ನೀರು, 500 ಎಂಎಲ್. ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮೈಬಿಸಿಗೆ ತರಬೇಕು. ತಣ್ಣಗಿದ್ದರೆ ನಾಯಿ ನಡುಗುತ್ತದೆ. ಬಾಟಲಿಯನ್ನು ಕಿಟಕಿ ಸರಳಿಗೆ ನೇತು ಹಾಕುತ್ತಿದ್ದೆ. ಪೈಪಿನಲ್ಲಿರುವ ಗಾಳಿ ಹೊರಗೆ ಬಿಟ್ಟು, ಎರಡು ಭುಜದ ನಡುವಿನ ಚರ್ಮವನ್ನು ಎಡಗೈಯಲ್ಲಿ ಎತ್ತಿ, ಕೆಳಗೆ ಪೊಳ್ಳಾಗುವ ಜಾಗಕ್ಕೆ ಸೂಜಿ ಹಾಕಬೇಕು. 18ನೇ ನಂಬರ್ ಸೂಜಿ ದಪ್ಪ, ಬೇಗ ಮುಗಿಯುತ್ತದೆ. 20 ಸಣ್ಣದು, ನೋವು ಕಡಿಮೆ, ಆದರೆ ಕೂತುಕೂತು ನಾಯಿಗೂ ನಮಗೂ ಬೇಜಾರು. ಕೆಂಚನಿಗೆ 18 ಒಗ್ಗಿತು. ಸೂಜಿ ಪ್ರತಿ ಸಲ ಹೊಸದೇ ಆಗಬೇಕು. ಹಳೆಯದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಾಟಲಿಗೆ ಹಾಕಿಟ್ಟು ಕ್ಲಿನಿಕ್ಕಿಗೇ ವಾಪಸ್ ಕೊಟ್ಟೆವು. ಕಸದ ಗಾಡಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ನೀರು ಒಳಗೆ ಹೋದಂತೆ ಬೆನ್ನ ಮೇಲೆ ಡುಬ್ಬ ಏಳುತ್ತದೆ. ಸ್ವಲ್ಪ ಹೊತ್ತಿಗೆ ಅದು ಜಾರಿ ಮುಂಗಾಲಿನ ಕಡೆ ಇಳಿಯುತ್ತದೆ. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಅದು ಸಹಜ. ಬೆಳಗಾಗುವಷ್ಟರಲ್ಲಿ ಕರಗಿರಬೇಕು. ಕರಗದಿದ್ದರೆ ಮುಂದಿನದು ಹಾಕದೆ ಡಾಕ್ಟರಿಗೆ ಫೋನ್ ಮಾಡಬೇಕು.

ಬಾಟಲಿ ಖಾಲಿಯಾಗುವ ತನಕ ನಾನು ನೆಲದ ಮೇಲೆ, ಅವನ ತಲೆ ನನ್ನ ತೊಡೆ ಮೇಲೆ. ಮೊಬೈಲ್ ನೋಡಲು ಕೈ ಬಿಡುವಿಲ್ಲ. ಸುಮ್ನೆ ಕೂತಿರಬೇಕು. ಆಗ ತಲೆಗೆ ಬಂದದ್ದು ಇದು. ಅಪ್ಪ ಅಮ್ಮನ ಬಾಲ್ಯ ನಾವು ನೋಡಿರುವುದಿಲ್ಲ. ಮಕ್ಕಳ ಮುಪ್ಪು ನೋಡುವುದಿಲ್ಲ, ನೋಡಲೂ ಬಾರದು. ಹೆಂಡತಿ ಸಿಕ್ಕಿದ್ದು ಇಪ್ಪತ್ತೈದು ದಾಟಿದ ಮೇಲೆ. ಮೊಲೆಹಾಲು ಬಿಟ್ಟ ದಿನದಿಂದ ಮುಪ್ಪಿನವರೆಗೆ, ಪಕ್ಕದಲ್ಲೇ ಕೂತು ನಾನು ಪೂರ್ತಿಯಾಗಿ ನೋಡಿದ ಜೀವ ಅಂದರೆ ಈ ನಾಯಿ ಒಂದೇ. ಚಪ್ಪಲಿ ಕಡಿದದ್ದು, ಹೆಣ್ಣುನಾಯಿ ಹಿಂದೆ ಓಡಿಹೋಗಿ ಕಿವಿ ಹರಿದುಕೊಂಡು ಬಂದದ್ದು, ಮೂತಿ ನರೆತದ್ದು, ಎಲ್ಲ ನನ್ನ ಕಣ್ಣೆದುರೇ. ನಾನು ಮೂವತ್ತರ ಕೊನೆಯಿಂದ ಐವತ್ತಕ್ಕೆ ಬರುವಷ್ಟರಲ್ಲಿ ಅವನು ಇಡೀ ಬದುಕು ಮುಗಿಸಿದ್ದ. ದೇಹ ಶಾಶ್ವತವಲ್ಲ ಅಂತ ಹರಿಕಥೆಯಲ್ಲಿ ಎಷ್ಟು ಸಲ ಕೇಳಿಲ್ಲ ಹೇಳಿ. ಕೇಳಿ ಮನೆಗೆ ಬಂದು ಊಟ ಮಾಡಿ ಮಲಗಿದ್ದೇವೆ. ಸವರುತ್ತಿದ್ದ ಬೆನ್ನು ವಾರದಿಂದ ವಾರಕ್ಕೆ ತೆಳ್ಳಗಾಗುವಾಗ ಹಾಗೆ ಎದ್ದು ಹೋಗೋಕೆ ಆಗಲ್ಲ.

ಇನ್ನೊಂದು ಗಮನಿಸಿದೆ. ಹೋಗುವುದು ಒಂದೇ ದಿನ ಹೋಗುವುದಿಲ್ಲ. ಮೊದಲು ಮಾಳಿಗೆ ಮೆಟ್ಟಿಲು ಹತ್ತುವುದು ಹೋಯಿತು. ಆಮೇಲೆ ಪೇಪರ್ ಹುಡುಗನಿಗೆ ಬೊಗಳುವುದು. ಕಿವಿ ಹೋದದ್ದಂತೂ ದೀಪಾವಳಿಯಲ್ಲಿ ಗೊತ್ತಾಯಿತು. ವರ್ಷಾವರ್ಷ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿ ನಡುಗುತ್ತಿದ್ದವನು ಆ ಸಲ ನಡುಮನೆಯಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. "ಅಬ್ಬಾ, ಈ ಸಲ ಧೈರ್ಯ ಬಂದಿದೆ ಕೆಂಚಪ್ಪಂಗೆ" ಅಂತ ಎಲ್ಲರಿಗೂ ಖುಷಿ. ಮಗಳು ಹತ್ತಿರ ಹೋಗಿ ಚಪ್ಪಾಳೆ ತಟ್ಟಿದಳು. ಅವನು ಏಳಲಿಲ್ಲ. ಹೊರಗೆ ಸರ ಪಟಾಕಿ ಹೊಡೆಯುತ್ತಲೇ ಇತ್ತು.

ಇಂಜೆಕ್ಷನ್ ಯಾವಾಗ ಅನ್ನೋದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. "ಅವನೇ ಕಣ್ಣಲ್ಲಿ ಹೇಳ್ತಾನೆ, ನಿಮಗೆ ಗೊತ್ತಾಗುತ್ತೆ" ಅಂತ ಜನ ಹೇಳುತ್ತಾರೆ. ನನಗೆ ಈ ಮಾತಿನಲ್ಲಿ ನಂಬಿಕೆ ಇಲ್ಲ. ನೋವನ್ನು ಮುಚ್ಚಿಡುವುದರಲ್ಲಿ ನಾಯಿಗಳು ನಿಸ್ಸೀಮರು. ನಾವು ಬಳಸಿದ್ದು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಮಾಡಿದ ಅಂಕಪಟ್ಟಿ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಚೊಕ್ಕಟ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯೇ ಅನ್ನೋದು, ಹೀಗೆ 7 ವಿಷಯ. ಒಂದೊಂದಕ್ಕೂ 10 ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಬದುಕು ಸಹನೀಯ ಅಂತ ಲೆಕ್ಕ.

ಅಂಕ ಹಾಕುವುದನ್ನು ಒಬ್ಬರೇ ಮಾಡಬೇಡಿ. ನಾನು, ಹೆಂಡತಿ, ಮಗಳು, ಮೂವರೂ ಭಾನುವಾರ ಬೇರೆ ಬೇರೆ ಚೀಟಿಯಲ್ಲಿ ಬರೆಯುತ್ತಿದ್ದೆವು. ಮಗಳದು ಯಾವಾಗಲೂ ಜಾಸ್ತಿ. ಅವಳು ಕಾಲೇಜಿಂದ ಬಂದಾಗ ಅವನು ಬಾಲ ಆಡಿಸುತ್ತಿದ್ದ, ಅವಳಿಗೆ ಕಾಣುತ್ತಿದ್ದುದು ಅದೇ. ನನ್ನದು ನಡುವೆ. ಹೆಂಡತಿಯದು ಎಲ್ಲರಿಗಿಂತ ಕಡಿಮೆ. ರಾತ್ರಿ ಎರಡಕ್ಕೆ ಅವನು ಮಲಗಿದಲ್ಲೇ ಉಚ್ಚೆ ಮಾಡಿಕೊಂಡು ನಾಚಿ ಮುದುರಿದಾಗ ಎದ್ದು ಒರೆಸುತ್ತಿದ್ದವಳು ಅವಳು. ಮೂರೂ ಚೀಟಿ ಪಕ್ಕಪಕ್ಕ ಇಟ್ಟಾಗ ಯಾರು ಕೆಂಚನನ್ನು ನೋಡುತ್ತಿದ್ದಾರೆ, ಯಾರು ತಮ್ಮ ಆಸೆಯನ್ನು ನೋಡುತ್ತಿದ್ದಾರೆ ಅನ್ನೋದು ಜಗಳವಿಲ್ಲದೆ ಗೊತ್ತಾಯಿತು. ಕ್ರಿಯಾಟಿನಿನ್ 5 ದಾಟಿದ ಮೇಲೆ, ಮೊಟ್ಟೆಗೂ ಅವನು ಮುಖ ತಿರುಗಿಸಿದ ಮೇಲೆ, ಮಗಳ ಚೀಟಿಯೂ 35ರ ಕೆಳಗೆ ಬಂತು. ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡಿದೆವು.

ಡಾಕ್ಟರ್ ಮನೆಗೇ ಬಂದರು. ಏನೇನಾಗುತ್ತದೆ ಅಂತ ಮೊದಲೇ ಬಿಡಿಸಿ ಹೇಳಿದ್ದು ದೊಡ್ಡ ಉಪಕಾರ. ಮೊದಲು ಸ್ನಾಯುವಿಗೆ ಮಂಪರಿನ ಇಂಜೆಕ್ಷನ್. ಗಾಢ ನಿದ್ದೆ ಬಂದ ಮೇಲೆ ಮುಂಗಾಲಿನ ನರಕ್ಕೆ ಥಯೋಪೆಂಟೋನ್, ಅರಿವಳಿಕೆಯ ಔಷಧವೇ, ಆದರೆ ಪ್ರಮಾಣ ಜಾಸ್ತಿ. ಕಣ್ಣು ಮುಚ್ಚುವುದಿಲ್ಲ. ಎದೆಬಡಿತ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದಂತೆ ಆಗಬಹುದು, ಉಚ್ಚೆ ಹೋಗಬಹುದು. ಇದು ಗೊತ್ತಿಲ್ಲದವರು "ಇನ್ನೂ ಜೀವ ಇದೆ" ಅಂತ ಕೂಗಿಕೊಳ್ಳುತ್ತಾರಂತೆ. ನಮಗೆ ಗೊತ್ತಿತ್ತು, ಆದರೂ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅಮ್ಮ ದೇವರಮನೆಯಿಂದ ಉದ್ಧರಣೆಯಲ್ಲಿ ತುಳಸಿ ನೀರು ತಂದು ಬಾಯಿಗೆ ಬಿಟ್ಟಳು. "ನಾಯಿಗೆ ಸೂತಕ ಇಲ್ಲ" ಅಂದವಳು ಆಮೇಲೆ ತಲೆಗೆ ಸ್ನಾನ ಮಾಡಿದಳು.

ಹೂಳಿದ್ದು ಭಾವನ ಜಮೀನಿನಲ್ಲಿ. ಇಂಜೆಕ್ಷನ್ ಕೊಟ್ಟ ಪ್ರಾಣಿಯನ್ನು ಮೇಲೆ ಮೇಲೆ ಹೂಳಬಾರದು, ಔಷಧ ಮೈಯಲ್ಲೇ ಉಳಿದಿರುತ್ತದೆ. ಬೇರೆ ನಾಯಿ, ನರಿ ಕೆದಕಿ ತಿಂದರೆ ಅವೂ ಸಾಯಬಹುದು. ನಾಲ್ಕು ಅಡಿಗೂ ಆಳ ತೋಡಿಸಿ, ಬಾವಿಯಿಂದ ದೂರ, ಹಳೇ ಪಂಚೆಯಲ್ಲಿ ಸುತ್ತಿ ಇಟ್ಟೆವು. ಪ್ಲಾಸ್ಟಿಕ್ ಬೇಡ. ಜಾಗ ಇಲ್ಲದ ಬೆಂಗಳೂರಿನವರಿಗೆ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ. ಕೆಂಗೇರಿಯಲ್ಲಿರುವ ಪ್ರಾಣಿದಯಾ ಸಂಸ್ಥೆ ಪೀಪಲ್ ಫಾರ್ ಅನಿಮಲ್ಸ್‌ನಲ್ಲಿ ಹೂಳಲು ಜಾಗವಿದೆ.

ಮಗಳಿಗೆ ಕೆಂಚನನ್ನು ಹೂಳಿದಲ್ಲಿ ಒಂದು ಹೆಸರಿನ ಕಲ್ಲು ನಿಲ್ಲಿಸುವ ಆಸೆ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಅವಳನ್ನು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅಲ್ಲಿದೆ. ಕಾಳಿ ಅನ್ನುವ ಬೇಟೆನಾಯಿಯ ನೆನಪಿಗೆ ಸುಮಾರು ಕ್ರಿ.ಶ. 950ರಲ್ಲಿ ನಿಲ್ಲಿಸಿದ ಕಲ್ಲು. ಚೋಳರ ಮೇಲೆ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ತನ್ನ ಕಡೆಯ ವೀರ ಮಣಲೆರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದನಂತೆ. ಅವನು ಕೇಳಿದ್ದು ಈ ನಾಯಿಯನ್ನು. ಆಮೇಲೆ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಇನ್ನೂ ಕಾದಾಡುತ್ತಿವೆ. ಪೂಜೆ ಇಲ್ಲ. ಚೋಳರ ರಾಜಾದಿತ್ಯ ತಕ್ಕೋಲದಲ್ಲಿ ಸತ್ತದ್ದಕ್ಕೆ ಇತಿಹಾಸಕಾರರು ಇದೇ ಕಲ್ಲನ್ನು ಸಾಕ್ಷಿ ಹಿಡಿಯುತ್ತಾರೆ.

"ಅಂದ್ರೆ ನಾಯಿ ನೆಪದಲ್ಲಿ ರಾಜರ ಕಥೆ ಉಳೀತು," ಅಂದಳು ಮಗಳು. ಕಲ್ಲಿನ ಮಾತು ಆಮೇಲೆ ಎತ್ತಲಿಲ್ಲ. ಕೆಂಚನನ್ನು ಹೂಳಿದ ಜಾಗದಲ್ಲಿ ಭಾವ ಈಗ ಅವರೆ ಹಾಕಿದ್ದಾರೆ.

ಇದೆಲ್ಲ ಆದ ಮೇಲೆ ಒಂದು ಸಂಜೆ ಅಮ್ಮ ಬತ್ತಿ ಹೊಸೆಯುತ್ತಾ ಅಂದಳು: "ನಂಗೂ ಹಾಗೇ ಒಂದು ಸೂಜಿ ಚುಚ್ಚಿಸಿಬಿಡೋ. ಆಸ್ಪತ್ರೇಲಿ ಪೈಪ್ ಸಿಕ್ಕಿಸ್ಕೊಂಡು ಮಲಗೋದು ಬೇಡ." ನಾನು ನಕ್ಕು ಸುಮ್ಮನಾಗಬಹುದಿತ್ತು. ಹಿಂದೆಲ್ಲ ಅವಳು ಇಂಥ ಮಾತಾಡಿದಾಗ ಮನೆಯಲ್ಲಿ ಎಲ್ಲರೂ "ಬಿಡ್ತು ಅನ್ನು" ಅನ್ನುತ್ತಿದ್ದೆವು. ಈ ಸಲ ಕೂತು ಕೇಳಿದೆ.

ಮನುಷ್ಯರಿಗೆ ಹಾಗೆ ಇಂಜೆಕ್ಷನ್ ಕೊಡುವುದು ನಮ್ಮ ದೇಶದಲ್ಲಿ ಅಪರಾಧ. ಆದರೆ ವಾಸಿಯಾಗದ ಸ್ಥಿತಿಯಲ್ಲಿ, ನಾವೇ ಹೇಳಲಾಗದಾಗ, ಬರೀ ಯಂತ್ರದ ಮೇಲೆ ಇಟ್ಟುಕೊಳ್ಳಬೇಡಿ ಅಂತ ಮುಂಚೆಯೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಒಪ್ಪಿತು. 2023ರಲ್ಲಿ ವಿಧಾನ ಸುಲಭ ಮಾಡಿತು. ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಬರೆದಿಟ್ಟ ಮಾತ್ರಕ್ಕೆ ಯಾರೂ ಪೈಪ್ ಕಿತ್ತುಬಿಡುವುದಿಲ್ಲ. ಆಸ್ಪತ್ರೆಯ ಎರಡು ವೈದ್ಯರ ತಂಡಗಳು ನೋಡಿ ಒಪ್ಪಬೇಕು. ಮನೆಯವರ ಪೈಕಿ ಯಾರು ನಿರ್ಧಾರ ಹೇಳಬೇಕು ಅಂತ ಹೆಸರು ಬರೆಯುವ ಜಾಗವೂ ಆ ಪತ್ರದಲ್ಲಿದೆ.

ಆ ಜಾಗದಲ್ಲಿ ನನ್ನ ಹೆಸರು ಬರೆಯಲು ಹೊರಟೆ. ಅಮ್ಮ ತಡೆದಳು. "ನೀನು ಬಿಡಲ್ಲ ಕಣೋ, ಹಿಡ್ಕೊಂಡು ಕೂರ್ತೀಯ. ಮೊದಲು ಅವಳ ಹೆಸರು ಹಾಕು. ರಾತ್ರಿ ಎದ್ದು ಒರೆಸಿದವಳು ಅವಳೇ ಅಲ್ವಾ?"

ಹೆಂಡತಿಯ ಹೆಸರು ಮೊದಲು, ನನ್ನದು ಎರಡನೆಯದು. ಅಕ್ಕಪಕ್ಕದ ಮನೆಯ ಇಬ್ಬರು ಸಾಕ್ಷಿ ಹಾಕಿದರು, ನೋಟರಿ ಆಯಿತು. ಒಂದು ಪ್ರತಿ ಬೀರುವಿನಲ್ಲಿದೆ. ಇನ್ನೊಂದನ್ನು ಅಮ್ಮನ ಬಿಪಿ ನೋಡುವ ಡಾಕ್ಟರ್ ತಮ್ಮ ಫೈಲಿಗೆ ಸೇರಿಸಿಕೊಂಡಿದ್ದಾರೆ.