ಲ್ಯಾಬ್ ರಿಪೋರ್ಟ್ ಓದುವುದು ಹೇಗೆ: ಅಂಕಿ ಆಮೇಲೆ, ಅಳತೆ ಮೊದಲು

ಕಳೆದ ಮಳೆಗಾಲದ ಒಂದು ರಾತ್ರಿ, ರಾಯಚೂರಿನ ನಮ್ಮ ಓಣಿಯಲ್ಲಿ ಹೈದರಾಬಾದಿಗೆ ಹೊರಟ ಬಾಡಿಗೆ ಕಾರೊಂದು ನಿಂತಿತ್ತು. ಪಕ್ಕದ ಮನೆಯ ಹುಡುಗನಿಗೆ ಮೂರು ದಿನದಿಂದ ಜ್ವರ. ‘ಅಣ್ಣಾ, ಪ್ಲೇಟ್‌ಲೆಟ್ ಲಕ್ಷದ ಮೇಲೆ ಇರಬೇಕಂತೆ, ಇವನಿಗೆ ಬರೀ ನೂರಾ ನಲವತ್ತೆರಡು ಉಳಿದಿದೆ’ ಎಂದು ಅವನ ತಾಯಿ ಅಳುತ್ತಿದ್ದರು. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣ. ಹುಡುಗ ಹಿಂದಿನ ಸೀಟಿನಲ್ಲಿ ಕುಳಿತು ಒಗ್ಗರಣೆ ಮಂಡಾಳು ತಿನ್ನುತ್ತಿದ್ದ.

ರಿಪೋರ್ಟ್ ಕೈಗೆ ಬಂದಾಗ ಮೊದಲು ಹೆಸರು, ವಯಸ್ಸು, ತಾರೀಖು ನಿಮ್ಮವೇ ಎಂದು ಖಾತ್ರಿ ಮಾಡಿಕೊಳ್ಳಿ. ಅಷ್ಟು ಸಾಕು.

ಎರಡನೆಯ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. ರಿಪೋರ್ಟನ್ನು ಮೇಲಿನಿಂದ ಕೆಳಕ್ಕೆ ಓದಬೇಡಿ, ಎಡದಿಂದ ಬಲಕ್ಕೆ ಓದಿ. ಪರೀಕ್ಷೆಯ ಹೆಸರು, ಬಂದ ಅಂಕಿ, ಅಳತೆಮಾನ, ಆರೋಗ್ಯವಂತರಲ್ಲಿ ಇರುವ ಮಿತಿ ಎಂದು ಸಾಮಾನ್ಯವಾಗಿ ನಾಲ್ಕು ಕಾಲಂ ಇರುತ್ತವೆ. ಜನರ ಕಣ್ಣು ಎರಡನೆಯದರಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಉಳಿಯುತ್ತದೆ. ಆ ಹುಡುಗನ ರಿಪೋರ್ಟಿನಲ್ಲಿ 142ರ ಪಕ್ಕ 10, ಅದರ ತಲೆಯ ಮೇಲೆ ಪುಟ್ಟ 3 ಇತ್ತು. ಅಂದರೆ 142 ಸಾವಿರ, ಒಂದು ಲಕ್ಷದ ನಲವತ್ತೆರಡು ಸಾವಿರ. ಇನ್ನೊಂದು ಲ್ಯಾಬು ಇದನ್ನೇ 1.42 ಲಕ್ಷ ಎಂದು ಬರೆಯುತ್ತದೆ, ಮತ್ತೊಂದು 1,42,000 ಎಂದು. ಮೂರೂ ಒಂದೇ. ಸಾಮಾನ್ಯ ಮಿತಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ. ಇವನದು ಕೂದಲೆಳೆಯಷ್ಟು ಕಡಿಮೆ. ಕಾರು ವಾಪಸ್ ಹೋಯಿತು. ಆದರೆ ಡೆಂಗಿಯಲ್ಲಿ ಜೋರಾದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಅಂಕಿ ಎಷ್ಟಿದ್ದರೂ ಆಸ್ಪತ್ರೆಗೆ ಓಡಿ. ಜ್ವರ ಇಳಿಯುವ ಹೊತ್ತಿಗೇ ಇವು ಕಾಣಿಸಿಕೊಳ್ಳುವುದು ಹೆಚ್ಚು. ಪಪ್ಪಾಯಿ ಎಲೆಯ ಮಾತ್ರೆಗೆ ದುಡ್ಡು ಸುರಿಯಬೇಡಿ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರು ಅಂಕಿ ದೊಡ್ಡದಾಗಿ ಕಾಣಲಿ ಎಂದು ಫೋಟೊ ಕತ್ತರಿಸುತ್ತಾರೆ. ಕತ್ತರಿಗೆ ಸಿಗುವುದು ಅಳತೆಮಾನದ ಕಾಲಂ. ನನಗೆ ಅಂಥದ್ದು ಬಂದರೆ ಉತ್ತರ ಕೊಡುವುದಿಲ್ಲ.

ಮೂರನೆಯದು ಪದಗಳು. ‘ಹೈಪೋ’ ಎಂದರೆ ಕಡಿಮೆ, ‘ಹೈಪರ್’ ಎಂದರೆ ಹೆಚ್ಚು. ಕಿವಿಗೆ ಎರಡೂ ಒಂದೇ ಥರ ಕೇಳುವುದರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲೊಂದು ಸಿಕ್ಕು ಇದೆ. ಹೈಪೋಥೈರಾಯ್ಡ್ ಇದ್ದವರಲ್ಲಿ ಟಿಎಸ್‌ಎಚ್ ಸಾಮಾನ್ಯವಾಗಿ ಏರಿರುತ್ತದೆ. ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡಿದರೆ ಅಂಕಿ ಏಕೆ ಏರಿತು? ಟಿಎಸ್‌ಎಚ್ ಎಂಬ ಹಾರ್ಮೋನು, ಕೆಲಸ ಮಾಡು ಎಂದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಹಾಕುವ ಕೂಗು. ಹತ್ತಿ ಬಿಡಿಸುವ ಆಳು ನಿಧಾನ ಮಾಡಿದಷ್ಟೂ ಮೇಸ್ತ್ರಿಯ ದನಿ ಏರುತ್ತದಲ್ಲ, ಹಾಗೆ. ‘ಐಟಿಸ್’ ಎಂದು ಮುಗಿದರೆ ಉರಿಯೂತ: ಗ್ಯಾಸ್ಟ್ರೈಟಿಸ್ ಜಠರದ್ದು, ಹೆಪಟೈಟಿಸ್ ಯಕೃತ್ತಿನದು. ಸೋಂಕಿನ ಪರೀಕ್ಷೆಯಲ್ಲಿ ‘ನೆಗೆಟಿವ್’ ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದರ್ಥ, ಕೆಟ್ಟದ್ದಲ್ಲ. ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್ ಗ್ರೇಡ್ 1’ ಎಂದಿದ್ದರೆ ಕ್ಯಾನ್ಸರಿನ ಮೊದಲ ಹಂತವೆಂದು ಮನೆಮಂದಿಯೆಲ್ಲ ಅಳುವುದು ಬೇಡ; ಯಕೃತ್ತಿನಲ್ಲಿ ಕೊಬ್ಬು ತುಸು ಸೇರಿದೆ, ಅಷ್ಟೆ. ಎಚ್‌ಬಿಎ1ಸಿ 6.5 ಬಂದರೆ ಮಾತ್ರ ‘ಬರೀ ಆರೂವರೆ’ ಎಂದು ನಗಬೇಡಿ. ಅದು ಸುಮಾರು ಮೂರು ತಿಂಗಳ ಸಕ್ಕರೆಯ ಲೆಕ್ಕ, ಶೇಕಡಾವಾರಿನಲ್ಲಿ. 6.5ರಿಂದಲೇ ಸಕ್ಕರೆ ಕಾಯಿಲೆ ಶುರು.

ರಿಯಾಯಿತಿಯಲ್ಲಿ ಎಪ್ಪತ್ತು ಪರೀಕ್ಷೆ ಮಾಡುವ ಪ್ಯಾಕೇಜುಗಳು ನನಗೆ ಆಗಿಬರುವುದಿಲ್ಲ. ಮಿತಿಗಳನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ ತೊಂಬತ್ತೈದು ಮಂದಿ ಒಳಗೆ ಬರುವಂತೆ ಹಾಕಿರುತ್ತಾರೆ. ಎಪ್ಪತ್ತು ಮಾಡಿಸಿದರೆ ಗಟ್ಟಿಮುಟ್ಟಾದವನಿಗೂ ಮೂರ್ನಾಲ್ಕು ಕಡೆ ಮಿತಿಯ ಹೊರಗೆ ಎನ್ನುವ ನಕ್ಷತ್ರ ಗುರುತು ಬಿದ್ದೀತು. ವೈದ್ಯರು ಬರೆದಷ್ಟನ್ನೇ ಮಾಡಿಸಿ.

ಕೊನೆಗೆ, ಎಲ್ಲವನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಇಸಿಜಿ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ. ಅದು ಸಾಮಾನ್ಯವಾಗಿ ಶಾಯಿಯಿಲ್ಲದೆ ಬಿಸಿಯಿಂದಲೇ ಗೆರೆ ಮೂಡಿಸುವ ಕಾಗದ, ಗೆರೆಗಳು ವರ್ಷ ಕಳೆದಂತೆ ಮಾಸುತ್ತವೆ. ಮಾನ್ವಿಯ ನಮ್ಮ ಮಾವ ಭದ್ರವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದರು. ಬಿಸಿ ತಾಗಿದ್ದೇ ತಡ, ಕಾಗದ ಕಾವಲಿಯ ತಳದಂತೆ ಕಪ್ಪಾಯಿತು. ಈಗಲೂ ಅವರ ಫೈಲಿನ ಮೊದಲ ಹಾಳೆ ಅದೇ.